ಒಡಿಕತ್ತಿ, ಪೀಚೆಕತ್ತಿ: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನ ಕತ್ತಿಗಳ ಮಾತು ಬಂದಾಗಲೆಲ್ಲ ಅವೇ ಪ್ರಶ್ನೆಗಳು ಸುತ್ತಿ ಸುತ್ತಿ ಬರುತ್ತವೆ. ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಪತ್ರದಲ್ಲಿ ಕೇಳುತ್ತಾರೆ, ಫೋಟೋ ಹಾಕಿದರೆ ಅದರ ಕೆಳಗೂ ಕೇಳುತ್ತಾರೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟು ಇಲ್ಲಿ ಉತ್ತರ ಬರೆದಿದ್ದೇನೆ. ಸುಲಭದ್ದು ಮೊದಲು, ತಲೆಬಿಸಿಯದ್ದು ಆಮೇಲೆ.

## ಮೊದಲ ಪರಿಚಯ

ಕೊಡವರ ಮದುವೆ ಫೋಟೋದಲ್ಲಿ ಗಂಡಿನ ಸೊಂಟದಲ್ಲಿ ಮುಂದೊಂದು ಹಿಂದೊಂದು ಕತ್ತಿ ಇರುತ್ತಲ್ಲ, ಎರಡೂ ಒಂದೇನಾ?

ಅಲ್ಲ. ಮುಂದೆ ಇರುವುದು ಪೀಚೆಕತ್ತಿ, ಹಿಂದೆ ಇರುವುದು ಒಡಿಕತ್ತಿ.

ಪೀಚೆಕತ್ತಿ ಚಿಕ್ಕದು. ಕುಪ್ಯ ಅನ್ನುವ ಉದ್ದ ನಿಲುವಂಗಿಯ ಮೇಲೆ ಸುತ್ತಿದ ಕೆಂಪು ರೇಷ್ಮೆಯ ಚೇಲೆಯಲ್ಲಿ ಸಿಕ್ಕಿಸಿಕೊಳ್ಳುತ್ತಾರೆ. ಒರೆಗೆ ಬೆಳ್ಳಿಯ ಕೆಲಸ, ಅದರಿಂದ ಜೋತುಬಿದ್ದ ಬೆಳ್ಳಿ ಸರಪಳಿ, ಹಿಡಿಗೂ ಬೆಳ್ಳಿ ಅಥವಾ ಹಳೆಯದಾದರೆ ದಂತ. ಈಗ ಅದು ಹೆಚ್ಚುಕಮ್ಮಿ ಒಡವೆಯೇ. ಒಡಿಕತ್ತಿ ಹಾಗಲ್ಲ. ಅಗಲವಾದ, ದಪ್ಪ ಬೆನ್ನಿನ, ಮುಂದಕ್ಕೆ ಬಾಗಿದ ಅಲಗು. ಅಲಗೇ ಸುಮಾರು ಒಂದೂವರೆ ಅಡಿ ಬರುತ್ತದೆ. ಕೈಯಲ್ಲಿ ಹಿಡಿದರೆ ಭಾರವೆಲ್ಲ ತುದಿಯ ಕಡೆ ಎಳೆಯುತ್ತದೆ. ಹಿಡಿಯ ಕೊನೆ ಅಗಲವಾಗಿ ಕೊಕ್ಕೆಯ ಹಾಗೆ ಇರುವುದರಿಂದ, ಜೋರಾಗಿ ಬೀಸಿದರೂ ಕೈಯಿಂದ ಜಾರುವುದಿಲ್ಲ.

ಮದುಮಗ ಬಿಳಿ ಕುಪ್ಯ ತೊಟ್ಟಿರುತ್ತಾನೆ, ಉಳಿದ ಗಂಡಸರದ್ದು ಕಪ್ಪು. ಪೀಚೆಕತ್ತಿ ಬಹಳ ಜನರ ಸೊಂಟದಲ್ಲಿ ಕಾಣುತ್ತದೆ. ಒಡಿಕತ್ತಿ ಅಷ್ಟು ಜಾಸ್ತಿ ಕಾಣುವುದಿಲ್ಲ.

ಒಡಿಕತ್ತಿ ಉಲ್ಟಾ ಮಾಡಿದ ಹಾಗಿದೆ, ಬಾಯಿ ಒಳಗಡೆ ಯಾಕೆ?

ಸಾಮಾನ್ಯ ಖಡ್ಗದಲ್ಲಿ ಹೊರಗಿನ ಬಾಗು ಚೂಪಾಗಿರುತ್ತದೆ. ಇದರಲ್ಲಿ ಒಳಗಿನ ಬಾಗು. ನೇಪಾಳದ ಕುಕ್ರಿಯೂ ಹೀಗೇ. ಅಲಗಿನ ಭಾರ ಮುಂದಿರುವುದರಿಂದ ಬೀಸಿದ ಏಟು ಇನ್ನಷ್ಟು ಜೋರಾಗಿ ಬೀಳುತ್ತದೆ, ಒಳಬಾಗಿನ ಬಾಯಿ ಕಡಿಯುವ ವಸ್ತುವನ್ನು ಪಕ್ಕಕ್ಕೆ ಜಾರಲು ಬಿಡದೆ ಹಿಡಿದು ಸೀಳುತ್ತದೆ. ಚುಚ್ಚುವುದಕ್ಕೆ ಇದು ಅಷ್ಟಕ್ಕಷ್ಟೇ. ಕಡಿಯುವುದಕ್ಕೆ ಮಾತ್ರ ಹೇಳಿ ಮಾಡಿಸಿದ್ದು.

ಕೊಡಗಿನ ಕಾಡಿನಲ್ಲಿ ಉದ್ದ ಕತ್ತಿ ಬೀಸಲು ಜಾಗ ಎಲ್ಲಿದೆ? ಬಿದಿರುಮೆಳೆ, ಬಳ್ಳಿ, ಪೊದೆ. ದಾರಿ ಮಾಡಿಕೊಳ್ಳಲೂ ಎದುರಿಗೆ ಬಂದವನನ್ನು ಎದುರಿಸಲೂ ಗಿಡ್ಡ, ಭಾರದ ಅಲಗೇ ಸರಿ.

ಒರೆ ಇಲ್ಲದೆ ಬೆನ್ನಿಗೆ ಸಿಕ್ಕಿಸಿಕೊಂಡರೆ ಕುಯ್ಯಲ್ವಾ?

ಒಡಿಕತ್ತಿಗೆ ಒರೆ ಇಲ್ಲ. ಸೊಂಟಪಟ್ಟಿಯ ಹಿಂಭಾಗದಲ್ಲಿ ತೊಡಂಗ್ ಅಂತ ಒಂದು ಹಿತ್ತಾಳೆಯ ಹಿಡಿಕೆ ಇರುತ್ತದೆ. ಅದರ ಸೀಳಿನಲ್ಲಿ ಅಲಗನ್ನು ಇಳಿಬಿಡುತ್ತಾರೆ. ಸರಿಯಾಗಿ ಕಟ್ಟಿಕೊಂಡರೆ ಏನೂ ಆಗುವುದಿಲ್ಲ, ಕೈ ಹಿಂದೆ ಹಾಕಿ ಒಂದೇ ಎಳೆತಕ್ಕೆ ತೆಗೆಯಬಹುದು. ಮದುವೆಮನೆಯಲ್ಲಿ ಹೊಸಬರು ಕಾರಿನ ಸೀಟಿನಲ್ಲಿ ಹಾಗೇ ಕೂರಲು ಹೋಗುತ್ತಾರೆ ನೋಡಿ, ಅಪಾಯ ಅಲ್ಲಿ. ಕೂರುವ ಮೊದಲು ತೆಗೆದು ಪಕ್ಕದವರ ಕೈಗೆ ಕೊಡಿ.

ಇದನ್ನೆಲ್ಲ ಮಾಡುತ್ತಿದ್ದವರು ಯಾರು?

ಕೊಡಗಿನ ಐರಿ ಸಮುದಾಯದ ಕಸುಬುದಾರರು. ಕಬ್ಬಿಣ, ಮರ, ಚಿನ್ನಬೆಳ್ಳಿ ಎಲ್ಲವೂ ಅವರ ಕೈಕೆಲಸ. ಕತ್ತಿ ಕಟ್ಟಿಕೊಂಡವರ ಶೌರ್ಯದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಕತ್ತಿ ಬಡಿದವರ ಬಗ್ಗೆ ಬರೆದದ್ದು ತೀರಾ ಕಡಿಮೆ. ಹಳೆ ಕತ್ತಿಗಳ ಮೇಲೆ ಮಾಡಿದವನ ಹೆಸರು ಹುಡುಕಿದರೂ ಸಾಮಾನ್ಯವಾಗಿ ಸಿಗುವುದಿಲ್ಲ. ಈಗ ಪೀಚೆಕತ್ತಿ ಬೇಕು ಅಂದರೆ ಮಡಿಕೇರಿ, ವಿರಾಜಪೇಟೆ ಕಡೆಯ ಬೆಳ್ಳಿ ಕೆಲಸದವರನ್ನು ಕೇಳುತ್ತಾರೆ.

## ಚರಿತ್ರೆ

ನಿಜವಾಗಲೂ ಇದರಲ್ಲಿ ಯುದ್ಧ ಮಾಡಿದ್ರಾ, ಇಲ್ಲ ಮೊದಲಿಂದಲೂ ಬರೀ ಶೋಕಿನಾ?

ಒಡಿಕತ್ತಿ ಯುದ್ಧದ ಆಯುಧವೇ. ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲದಲ್ಲಿ, ಹೈದರ್ ಮತ್ತು ಟಿಪ್ಪು ಪಡೆಗಳ ಜೊತೆ ವರ್ಷಗಟ್ಟಲೆ ನಡೆದ ಕಾದಾಟದಲ್ಲಿ, ಕೊಡಗಿನವರು ಬಯಲಿಗೆ ಬಂದು ಸಾಲುಗಟ್ಟಿ ನಿಂತದ್ದಕ್ಕಿಂತ ಕಾಡಿನೊಳಗೆ ಹೊಂಚು ಹಾಕಿದ್ದೇ ಜಾಸ್ತಿ. ಬೆಟ್ಟದ ಮೇಲಿಂದ ಬೆಟ್ಟಕ್ಕೆ ಹೋಗುವ ಆಳದ ಕಂದಕಗಳನ್ನು ಕಡಂಗ ಅನ್ನುತ್ತಾರೆ, ಅವು ಇವತ್ತಿಗೂ ಕಾಫಿ ತೋಟಗಳ ನಡುವೆ ಕಾಣಸಿಗುತ್ತವೆ. ಅಂಥ ಜಾಗದಲ್ಲಿ ಮೊದಲು ಕೋವಿಯ ಗುಂಡು, ಮತ್ತೆ ಮದ್ದು ತುಂಬಲು ಪುರುಸೊತ್ತಿಲ್ಲದಾಗ ಒಡಿಕತ್ತಿ.

1834ರ ಏಪ್ರಿಲ್‌ನಲ್ಲಿ ಬ್ರಿಟಿಷರು ಹಲವು ದಿಕ್ಕಿನಿಂದ ಕೊಡಗಿಗೆ ನುಗ್ಗಿದರು. ಉತ್ತರದಿಂದ ಬಂದ ಪಡೆಯೂ ಪಶ್ಚಿಮದಿಂದ ಬಂದ ಪಡೆಯೂ ಪೆಟ್ಟು ತಿಂದು ಹಿಂದೆ ಸರಿಯಬೇಕಾಯಿತು. ಆದರೆ ಬೇರೆ ದಿಕ್ಕಿನಿಂದ ಬಂದವರು ಮಡಿಕೇರಿ ಸೇರಿದರು, ಅರಸ ಚಿಕ್ಕವೀರರಾಜೇಂದ್ರ ಶರಣಾದ, ರಾಜ್ಯ ಹೋಯಿತು. ಯುದ್ಧದ ಆಯುಧವಾಗಿ ಒಡಿಕತ್ತಿಯ ಕೆಲಸ ಹೆಚ್ಚುಕಮ್ಮಿ ಅಲ್ಲಿಗೆ ಮುಗಿಯಿತು ಅನ್ನಬಹುದು. ಅಂದರೆ ಇದು ಮದುವೆ ಕತ್ತಿಯಾಗಿಯೇ ಉಳಿದು ಎರಡು ಶತಮಾನ ಆಗುತ್ತಾ ಬಂತು.

ರಾಜನ ಸೈನ್ಯಕ್ಕೆ ಸರಿ, ಮನೆ ಮನೆಗೂ ಆಯುಧ ಹೇಗೆ ಬಂತು?

ಜಮ್ಮಾ ಭೂಮಿಯಿಂದ. ಜಮ್ಮಾ ಅಂದರೆ ವಂಶಪಾರಂಪರ್ಯವಾಗಿ ಬರುವ ಹಿಡುವಳಿ. ಅದನ್ನು ಹಿಡಿದವರಿಗೆ, ಸಾಗು ಅನ್ನುವ ಪೂರ್ತಿ ಕಂದಾಯದ ಭೂಮಿಗೆ ಹೋಲಿಸಿದರೆ ಅರ್ಧದಷ್ಟೇ ಕಂದಾಯ. ಅದರ ಬದಲಿಗೆ ಅರಸ ಕರೆದಾಗ ಆಯುಧ ಹಿಡಿದು ಹೋಗಬೇಕು, ಕಾವಲು ಕಾಯಬೇಕು. ಸಂಬಳದ ದೊಡ್ಡ ಸೈನ್ಯ ಸಾಕುವ ಬದಲು ಅರಸರು ಬೇಸಾಯಗಾರರನ್ನೇ ಸೈನಿಕರನ್ನಾಗಿ ಇಟ್ಟುಕೊಂಡ ಏರ್ಪಾಡು ಇದು. ಹಾಗಾಗಿ ಆಯುಧ ಅರಮನೆಯ ಕೊಟ್ಟಿಗೆಯಲ್ಲಿ ಇರಲಿಲ್ಲ, ಒಕ್ಕದ (ಮನೆತನದ) ಐನ್‌ಮನೆಯಲ್ಲಿ, ಅಂದರೆ ಹಿರಿಯರ ಮೂಲಮನೆಯಲ್ಲಿ ಇತ್ತು, ನೇಗಿಲು ನೊಗದ ಜೊತೆಗೆ.

ರಾಜ್ಯ ಬಿದ್ದಾಗಲೂ ಕತ್ತಿಗಳು ಕಳೆದುಹೋಗದಿರಲು ಇದೇ ದೊಡ್ಡ ಕಾರಣ ಅಂತ ನನಗೆ ಅನ್ನಿಸುತ್ತದೆ. ಅರಮನೆಯ ಶಸ್ತ್ರಾಗಾರವಾದರೆ ಗೆದ್ದವನು ಒಂದೇ ದಿನ ಬೀಗ ಒಡೆದು ಖಾಲಿ ಮಾಡಬಹುದು. ನೂರಾರು ಐನ್‌ಮನೆಗಳ ಪೂಜೆ ಕೋಣೆ ಖಾಲಿ ಮಾಡುವುದು ಅಷ್ಟು ಸುಲಭ ಅಲ್ಲ.

ಕೇರಳದಲ್ಲೂ ಇಂಥದ್ದೇ ಕತ್ತಿ ಇತ್ತಂತೆ. ಹಾಗಿದ್ರೆ ಅದೆಲ್ಲಿ ಹೋಯ್ತು?

ಇತ್ತು. ಮಲಬಾರಿನ ನಾಯರ್‌ಗಳ, ಮಾಪಿಳ್ಳೆಗಳ (ಅಲ್ಲಿನ ಮುಸ್ಲಿಮರ) ಆಯುಧಕತ್ತಿ ನೋಡಿದರೆ ಒಡಿಕತ್ತಿಯ ಅಣ್ಣತಮ್ಮ ಅಂತ ಕೂಡಲೇ ಗೊತ್ತಾಗುತ್ತದೆ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಮಲಬಾರು. ಅಕ್ಕಿ, ಉಪ್ಪು, ನೆಂಟಸ್ತಿಕೆ, ದೇವರು ಎಲ್ಲವೂ ಆ ದಾರಿಯಲ್ಲಿ ಓಡಾಡಿದ ಮೇಲೆ ಕತ್ತಿಯ ಆಕಾರ ಓಡಾಡಿರುವುದರಲ್ಲಿ ಆಶ್ಚರ್ಯವೇನು.

ಆದರೆ ಘಾಟಿಯ ಕೆಳಗೆ ಅದರ ಹಣೆಬರಹ ಬೇರೆ ಆಯಿತು. 1836ರಿಂದ ಮಲಬಾರಿನ ಏರನಾಡು, ವಳ್ಳುವನಾಡು ಕಡೆ ಮಾಪಿಳ್ಳೆ ರೈತರ ದಂಗೆಗಳು ಒಂದರ ಹಿಂದೆ ಒಂದು ಎದ್ದವು. ಬ್ರಿಟಿಷರು 1854ರಲ್ಲಿ ಈ ಯುದ್ಧಕತ್ತಿಗೆಂದೇ ಪ್ರತ್ಯೇಕ ಕಾಯ್ದೆ ತಂದರು, ಆ ವರ್ಷದ 24ನೆಯ ಕಾಯ್ದೆ ಅದು. ಕತ್ತಿ ಮಾಡುವುದೂ ತಪ್ಪು, ಇಟ್ಟುಕೊಳ್ಳುವುದೂ ತಪ್ಪು. ಮಲಬಾರಿನ ಕಲೆಕ್ಟರ್ ಕನೋಲಿ ತಾನೇ ಊರೂರು ತಿರುಗಿ ಕತ್ತಿ ಒಪ್ಪಿಸಿಕೊಂಡ. 1855ರ ಜನವರಿ ಕೊನೆಯ ಹೊತ್ತಿಗೆ ಕೈಗೆ ಬಂದ ಕತ್ತಿಗಳು 7,561. ಅದೇ ವರ್ಷ ಸೆಪ್ಟೆಂಬರ್ 11ರಂದು ಕಲ್ಲಿಕೋಟೆಯಲ್ಲಿ ಅವನ ಕೊಲೆಯಾಯಿತು.

ಹಾಗಾಗಿ ಅಲ್ಲಿ ಆಯುಧಕತ್ತಿ ಮನೆಗಳಿಂದ ಮಾಯವಾಯಿತು. ದೇವರು ಮೈಮೇಲೆ ಬರುವ ವೆಳಿಚ್ಚಪ್ಪಾಡರ ಗೆಜ್ಜೆ ಕಟ್ಟಿದ ಬಾಗುಖಡ್ಗ, ತೆಯ್ಯಂ ಕಟ್ಟುವವರ ಕತ್ತಿ ಇಂಥವು ದೇವರ ಹೆಸರಲ್ಲಿ ಉಳಿದುಕೊಂಡವು. ಮನೆಯ ಕತ್ತಿ ಮಾತ್ರ ಹೋಯಿತು.

ಹಾಗಾದ್ರೆ ಕೊಡವರ ಆಯುಧ ಮಾತ್ರ ಬ್ರಿಟಿಷರು ಯಾಕೆ ಕಿತ್ಕೊಳ್ಳಲಿಲ್ಲ?

ಬೇಕು ಅಂತಲೇ ಬಿಟ್ಟರು. 1857ರ ದಂಗೆಯ ನಂತರ ದೇಶದಲ್ಲಿ ಜನರ ಕೈಯಿಂದ ಆಯುಧ ಕಸಿಯುವ ಕಾಯ್ದೆ ಬಂತು. ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರ ಫೆಬ್ರವರಿ 26ರಂದು ಕೊಡವರಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಘೋಷಣೆ ಹೊರಡಿಸಿದ. ಬೆಂಗಳೂರಿನ ಕಬ್ಬನ್ ಪಾರ್ಕ್‌ನ ಕಬ್ಬನ್ ಇವನೇ. ಕೊಡವರ ನಿಷ್ಠೆ, ಧೈರ್ಯ, ಬ್ರಿಟಿಷರಿಗೆ ಮಾಡಿದ ಸಹಾಯ ಇವನ್ನೆಲ್ಲ ಹೊಗಳಿ ಬರೆದ ಘೋಷಣೆ.

ಈಗ ಇದರ ಇನ್ನೊಂದು ಮುಖ. ಆ 'ಸಹಾಯ' ಯಾವುದು? ಮುಖ್ಯವಾಗಿ 1837ರದ್ದು. ಆ ವರ್ಷ ಅಮರಸುಳ್ಯದ ರೈತರು ಹಾಲೇರಿ ವಂಶದವನೆಂದು ಹೇಳಿಕೊಂಡ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ದಂಗೆ ಎದ್ದು ಮಂಗಳೂರಿನವರೆಗೂ ಹೋಗಿ ಕೆಲವು ದಿನ ಊರನ್ನೇ ಹಿಡಿದಿಟ್ಟುಕೊಂಡರು. ಅದನ್ನು ಅಡಗಿಸುವಾಗ ಕೊಡವರಲ್ಲಿ ಹಲವರು ಬ್ರಿಟಿಷರ ಪರ ನಿಂತರು. ಅವರಿಗೆ ಚಿನ್ನ ಮತ್ತು ಬೆಳ್ಳಿಯ ಪದಕ ಕೊಟ್ಟರು, ಅದರ ಮೇಲೆ ಕೊಡವ ಯೋಧನ ಚಿತ್ರವೂ ಕನ್ನಡದ ಬರಹವೂ ಇವೆ. ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು.

ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಆದರೆ ಘಾಟಿಯ ಆ ಕಡೆ ಒಪ್ಪಿಸಿಕೊಂಡ ಕತ್ತಿಯನ್ನೇ ಈ ಕಡೆ ಆರು ವರ್ಷದ ನಂತರ ಗೌರವದಿಂದ ಇಟ್ಟುಕೊಳ್ಳಿ ಅಂದರಲ್ಲ, ಅದು ಕತ್ತಿಯ ಗುಣದಿಂದ ಆದದ್ದಲ್ಲ. ಯಾರು ಯಾವ ಪಕ್ಷದಲ್ಲಿದ್ದರು ಅನ್ನುವುದರಿಂದ ಆದದ್ದು. ಬರೀ ಶೌರ್ಯಕ್ಕೆ ಸಿಕ್ಕ ಬಹುಮಾನ ಅಂತ ಹೇಳಿದರೆ ಅರ್ಧ ಕತೆ ಹೇಳಿದ ಹಾಗೆ.

## ಮದುವೆ, ಹಬ್ಬ, ಹುಟ್ಟು, ಸಾವು

ಮದುವೆಯಲ್ಲಿ ಬಾಳೆ ಕಡಿಯೋದು ಯಾಕೆ? ಶತ್ರುಗಳ ತಲೆ ಅಂತಾರಲ್ಲ, ನಿಜಾನಾ?

ಅದಕ್ಕೆ ಬಾಳೆಬಿರುದ್ ಅನ್ನುತ್ತಾರೆ. ಬಾಳೆಯ ದಿಂಡುಗಳನ್ನು ಸಾಲಾಗಿ ನೆಟ್ಟಿರುತ್ತಾರೆ. ಗಂಡಿನ ಕಡೆಯ, ಹೆಣ್ಣಿನ ಕಡೆಯ ಸೋದರಮಾವಂದಿರು ಅಥವಾ ಅವರ ಪರವಾಗಿ ಬಂದವರು ಅನುಮತಿ ಕೇಳಿ, ಒಡಿಕತ್ತಿ ಹಿಡಿದು ಒಂದೊಂದು ಏಟಿಗೆ ಒಂದೊಂದು ದಿಂಡು ಕಡಿಯುತ್ತಾರೆ. ವಾಲಗ ಜೋರಾಗುತ್ತದೆ, ಸುತ್ತ ನಿಂತವರು ಕೂಗುತ್ತಾರೆ.

ಶತ್ರುಗಳ ತಲೆ ಅನ್ನುವುದು ಎಲ್ಲರ ಬಾಯಲ್ಲಿ ಇರುವ ವಿವರಣೆ. ಹೆಣ್ಣಿಗಾಗಿ ಪೈಪೋಟಿ ಮಾಡಿದವರನ್ನು ದಾರಿಯಲ್ಲೇ ಕಡಿದು ಬಂದರು ಅಂತ ಒಂದು ಕತೆ, ಯುದ್ಧದ ನೆನಪು ಅಂತ ಇನ್ನೊಂದು. ನನಗೆ ಕತೆಗಿಂತ ಮುಖ್ಯ ಅನ್ನಿಸುವುದು ಅದನ್ನು ಮಾಡುವವರು ಯಾರು ಅನ್ನುವುದು. ಮದುಮಗ ತನ್ನ ಗಂಡಸ್ತನ ತೋರಿಸಲು ಕಡಿಯುವುದಲ್ಲ. ಅದು ತಾಯಿಯ ತವರಿನವರಿಗೆ ಸಲ್ಲುವ ಮರ್ಯಾದೆ. ಕೊಡವರಲ್ಲಿ ಮನೆತನದ ಹೆಸರು ತಂದೆಯ ಕಡೆಯಿಂದ ಬರುತ್ತದೆ, ಆದರೆ ಮದುವೆಯ ದಿನ ಮಾವನಿಗೆ ಇರುವ ಜಾಗ ನೋಡಿದರೆ ತಾಯಿಯ ಕಡೆಯ ತೂಕ ಎಷ್ಟು ಅಂತ ಗೊತ್ತಾಗುತ್ತದೆ. ಯುದ್ಧ ಮುಗಿದ ಮೇಲೆ ಕತ್ತಿಗೆ ಸಿಕ್ಕ ಹೊಸ ಕೆಲಸ ಇದು: ಯಾರಿಗೆ ಯಾರು ಏನಾಗಬೇಕು ಅಂತ ಊರೆದುರು ತೋರಿಸುವುದು.

ಬಾಳೆದಿಂಡು ತಾನೇ, ಯಾರು ಬೇಕಾದ್ರೂ ಕಡೀಬಹುದಲ್ವಾ?

ಕಡಿದು ನೋಡಿ! ಬಾಳೆದಿಂಡು ಒಳಗೆಲ್ಲ ನೀರು ತುಂಬಿದ ಪದರ ಪದರ. ಅಲಗು ಮೊಂಡಾಗಿದ್ದರೆ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ, ನಾರು ಸೀಳಿ ಜೋತಾಡುತ್ತದೆ. ನೇರ ಅಡ್ಡಕ್ಕೆ ಹೊಡೆದರೆ ದಿಂಡೇ ವಾಲಿಬಿಡುತ್ತದೆ. ಸ್ವಲ್ಪ ಓರೆಯಾಗಿ, ಮೇಲಿಂದ ಕೆಳಕ್ಕೆ, ಭುಜದಿಂದ ಬೀಸಬೇಕು. ಮಣಿಕಟ್ಟಿನ ಆಟ ಇದಲ್ಲ. ಕತ್ತಿಯ ಭಾರವೇ ಅರ್ಧ ಕೆಲಸ ಮಾಡುತ್ತದೆ, ನೀವು ದಾರಿ ತೋರಿಸಿದರೆ ಸಾಕು.

ಮೊದಲ ಸಲ ಕಡಿಯುವವರಿಗೆ ಒಂದೇ ಮಾತು: ಮದುವೆಗೆ ಮೊದಲು ಮನೆಯ ಹಿತ್ತಲಲ್ಲಿ ಗೊನೆ ಕಡಿದ ಬಾಳೆಗಳ ಮೇಲೆ ಅಭ್ಯಾಸ ಮಾಡಿ. ಹಾಗೇ ಏಟಿನ ದಾರಿಯಲ್ಲಿ ಫೋಟೋಗ್ರಾಫರ್ ನಿಂತಿಲ್ಲ ಅಂತ ನೋಡಿಕೊಳ್ಳಿ, ಅವರು ಯಾವಾಗಲೂ ಅಲ್ಲೇ ಬಂದು ನಿಲ್ಲುತ್ತಾರೆ.

ಕೈಲ್ ಪೊಳ್ದ್ ಅಂದ್ರೆ ನಮ್ಮ ಆಯುಧಪೂಜೆನೇ ಅಲ್ವಾ?

ನೋಡಲು ಹಾಗೇ ಕಾಣುತ್ತದೆ, ಆದರೆ ಲೆಕ್ಕ ಬೇರೆ. ಆಯುಧಪೂಜೆ ನವರಾತ್ರಿಗೆ ಸೇರಿದ್ದು. ಕೈಲ್ ಪೊಳ್ದ್ ಗದ್ದೆ ಕೆಲಸಕ್ಕೆ ಸೇರಿದ್ದು. ಮಳೆಗಾಲದಲ್ಲಿ ನಾಟಿ ಕೆಲಸ ನಡೆಯುವಾಗ ಕೋವಿ, ಕತ್ತಿ ಎಲ್ಲ ದೇವರ ಕೋಣೆ ಸೇರುತ್ತವೆ. ಆಗ ಬೇಟೆ ಇಲ್ಲ, ಗದ್ದೆ ಬಿಟ್ಟು ಬೇರೆ ಯೋಚನೆ ಇಲ್ಲ. ನಾಟಿ ಮುಗಿದ ಮೇಲೆ, ಈಗ ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು, ಅವನ್ನೆಲ್ಲ ಹೊರಗೆ ತೆಗೆದು ಉಜ್ಜಿ, ನೆಲ್ಲಕ್ಕಿ ನಡುಬಾಡೆಯಲ್ಲಿ (ಮನೆಯ ನಡುಮನೆಯಲ್ಲಿ) ದೀಪದ ಮುಂದೆ ಇಟ್ಟು, ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಕೆಂಪು ಹಳದಿ ಬೆಂಕಿಯ ನಾಲಿಗೆಯಂಥ ಈ ಹೂವು ಸರಿಯಾಗಿ ಆ ಹೊತ್ತಿಗೆ ಬೇಲಿಗಳಲ್ಲಿ ಅರಳಿರುತ್ತದೆ. ಉತ್ತ ಎತ್ತುಗಳಿಗೂ ಅವತ್ತು ಸ್ನಾನ, ಬಿಡುವು. ಆಮೇಲೆ ಕಡಂಬುಟ್ಟು (ಅಕ್ಕಿ ಕಡುಬು), ಪಂದಿಕರಿ (ಹಂದಿ ಸಾರು), ಊರಿನ ಮೈದಾನವಾದ ಮಂದ್‌ನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪೈಪೋಟಿ.

ಕೊಡಗಿನ ಅರೆಭಾಷೆ ಗೌಡರೂ ಕೈಲ್ ಮುಹೂರ್ತ ಆಚರಿಸುತ್ತಾರೆ. ಕೊಡವರೊಬ್ಬರ ಹಬ್ಬ ಅಂತ ಬರೆಯುವವರು ಇದನ್ನು ಮರೆಯಬಾರದು.

ಇಲ್ಲಿ ಒಂದು ವಿಷಯ ಗಮನಿಸಿ. ಕತ್ತಿ ವರ್ಷದಲ್ಲಿ ಒಂದು ಸಲವಾದರೂ ಹೊರಗೆ ಬಂದು ಎಣ್ಣೆ ಕಾಣಬೇಕು ಅನ್ನುವ ನಿಯಮ ಹಬ್ಬದೊಳಗೇ ಸೇರಿಕೊಂಡಿದೆ. ಕೊಡಗಿನ ಮಳೆಗೆ ಕಬ್ಬಿಣ ಉಳಿಯುವುದು ಕಷ್ಟ. ಸರಿಯಾಗಿ ಮಳೆಗಾಲದ ಕೊನೆಗೆ ಈ ಹಬ್ಬ ಇರದಿದ್ದರೆ ಎಷ್ಟೋ ಕತ್ತಿಗಳು ಅಟ್ಟದ ಮೇಲೇ ಕರಗಿಹೋಗುತ್ತಿದ್ದವು.

ಹುಲಿ ಜೊತೆ ಮದುವೆ ಮಾಡ್ತಿದ್ರಂತೆ, ಸುಮ್ನೆ ಕತೆ ತಾನೇ?

ಕತೆಯಲ್ಲ, ನರಿಮಂಗಲ ಅನ್ನುವ ಪದ್ಧತಿ ಇತ್ತು. ಕೊಡವ ಮಾತಿನಲ್ಲಿ ನರಿ ಅಂದರೆ ಹುಲಿ. ಹುಲಿ ಕೊಂದವನನ್ನು ಮದುಮಗನ ಹಾಗೆ ಪೂರ್ತಿ ಉಡುಪು ತೊಡಿಸಿ, ಆಯುಧಗಳ ಸಮೇತ ಕೂರಿಸಿ, ಸತ್ತ ಹುಲಿಯನ್ನು ಪಕ್ಕದಲ್ಲಿ ತೂಗುಹಾಕಿ, ಮದುವೆಯಂತೆಯೇ ಬಂದವರೆಲ್ಲ ಅಕ್ಕಿ ಹಾಕಿ ಹರಸುತ್ತಿದ್ದರು. ಈಗ ಹುಲಿ ಬೇಟೆ ಅಪರಾಧ, ಆದ್ದರಿಂದ ಪದ್ಧತಿ ಹಳೆಯ ಫೋಟೋಗಳಲ್ಲಿ ಮಾತ್ರ ಉಳಿದಿದೆ. ಹಾಗೇ ಇರಲಿ.

ಹುಟ್ಟು ಸಾವಿಗೂ ಆಯುಧ ಬೇಕಾ?

ಅಲ್ಲಿ ಕತ್ತಿಗಿಂತ ಕೋವಿಯ ಕೆಲಸ ಜಾಸ್ತಿ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಆಕಾಶಕ್ಕೆ ಹೊಡೆಯುವುದು ರೂಢಿ. ಮನೆಗಳು ದೂರ ದೂರ ಇರುವ ಊರಿನಲ್ಲಿ ಸುದ್ದಿ ಮುಟ್ಟಿಸುವ ದಾರಿ ಅದೇ ಆಗಿತ್ತು. ಹುಟ್ಟಿದ ಗಂಡುಮಗುವಿನ ಕೈಗೆ ಹರಳುಗಿಡದ ದಂಟಿನಿಂದ ಮಾಡಿದ ಪುಟ್ಟ ಬಿಲ್ಲು ಬಾಣ ಮುಟ್ಟಿಸುವ ಶಾಸ್ತ್ರವೂ ಇದೆ.

ಬಾಳೆ ಕಡಿಯೋಕೆ ಅಜ್ಜನ ಯುದ್ಧದ ಕತ್ತಿ ಬಳಸೋದು ಅದಕ್ಕೆ ಅವಮಾನ ಅಲ್ವಾ? ಮ್ಯೂಸಿಯಂಗೆ ಕೊಡಬಾರದಾ?

ನನ್ನ ಉತ್ತರ: ಅವಮಾನ ಅಲ್ಲ. ಮಡಿಕೇರಿ ಕೋಟೆಯೊಳಗಿನ ಹಳೆಯ ಚರ್ಚ್ ಕಟ್ಟಡದಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ ಮಾಡಿದ್ದಾರೆ, ಹಳೆಯ ಆಯುಧ ನೋಡಬೇಕು ಅನ್ನುವವರು ಅಲ್ಲಿಗೆ ಹೋಗಬಹುದು. ಆದರೆ ಗಾಜಿನ ಪೆಟ್ಟಿಗೆಯೊಳಗಿನ ಕತ್ತಿಯನ್ನು ಹೇಗೆ ಹಿಡಿಯಬೇಕು, ತೊಡಂಗ್ ಎಲ್ಲಿ ಕಟ್ಟಬೇಕು, ಯಾರು ಯಾರ ಕೈಗೆ ಕೊಡಬೇಕು ಅಂತ ಗೊತ್ತಿರುವುದು ಮನೆಯವರಿಗೆ ಮಾತ್ರ. ಬಳಕೆ ನಿಂತರೆ ಆ ತಿಳಿವಳಿಕೆ ಒಂದು ತಲೆಮಾರಿನಲ್ಲೇ ಹೋಗುತ್ತದೆ.

ತೀರಾ ಹಳೆಯದು, ಅಲಗಿನಲ್ಲಿ ಬಿರುಕು ಇದೆ, ಹಿಡಿ ಅಲ್ಲಾಡುತ್ತಿದೆ ಅಂದರೆ ಮಾತ್ರ ಅದನ್ನು ದೀಪದ ಮುಂದೆ ಇಟ್ಟು, ಕಡಿಯಲು ಹೊಸದೊಂದು ಮಾಡಿಸಿ. ಬೀಸುವಾಗ ಅಲಗು ಹಿಡಿಯಿಂದ ಕಳಚಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

## ಕಾನೂನು, ಹಳೆ ಕತ್ತಿ, ಮಾರಾಟ

ಕೊಡವರಿಗೆ ಕೋವಿ ಇಟ್ಕೊಳ್ಳೋಕೆ ಲೈಸೆನ್ಸೇ ಬೇಡ ಅಂತಾರೆ. ಇದು ಇನ್ನೂ ಇದೆಯಾ?

ಇದೆ. ಮೂಲ 1861ರದ್ದೇ. ಸ್ವಾತಂತ್ರ್ಯ ಬಂದ ಮೇಲೆ 1959ರ ಆಯುಧ ಕಾಯ್ದೆಯ 41ನೆಯ ಕಲಮಿನಡಿ ಕೇಂದ್ರ ಸರ್ಕಾರ ವಿನಾಯಿತಿಯನ್ನು ಮುಂದುವರಿಸಿಕೊಂಡು ಬಂದಿದೆ. 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, ಅಂದರೆ 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದರು. ಇದನ್ನು ಪ್ರಶ್ನಿಸಿ ಹಾಕಿದ್ದ ಅರ್ಜಿಯಲ್ಲಿ ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು.

ಎರಡು ಗುಂಪಿಗೆ ಇದು ಅನ್ವಯ: ಕೊಡವ ಜನಾಂಗದವರು ಮತ್ತು ಜಮ್ಮಾ ಹಿಡುವಳಿದಾರರು. ಎರಡನೆಯ ಗುಂಪಿನಲ್ಲಿ ಕೊಡವರಲ್ಲದವರೂ ಇದ್ದಾರೆ, ಇದು ಬಹಳ ಜನರಿಗೆ ಗೊತ್ತಿಲ್ಲ. ವಿನಾಯಿತಿ ಅಂದರೆ ಕೇಳುವವರೇ ಇಲ್ಲ ಅಂತಲೂ ಅಲ್ಲ. ಜಿಲ್ಲಾಡಳಿತದಿಂದ ವಿನಾಯಿತಿ ಪತ್ರ ಮಾಡಿಸಿಕೊಳ್ಳಬೇಕು.

ಅದು ಕೋವಿಗೆ ಆಯ್ತು. ಬೆಂಗಳೂರಲ್ಲಿ ಇರೋ ನಾನು ಕೊಡವ ಅಲ್ಲ, ಮನೇಲಿ ಒಡಿಕತ್ತಿ ಇಟ್ಕೋಬಹುದಾ?

ಅಲಗಿನ ಆಯುಧಕ್ಕೆ ಬೇರೆ ಲೆಕ್ಕ. ಆಯುಧ ನಿಯಮಗಳ ಪ್ರಕಾರ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧದ ಪಟ್ಟಿಯಲ್ಲಿ ಬರುತ್ತದೆ, ಮನೆ ಮತ್ತು ಬೇಸಾಯದ ಬಳಕೆಗೆ ಮಾಡಿದವನ್ನು ಬಿಟ್ಟು. ಆದರೆ ಇಂಥವಕ್ಕೆ ಲೈಸೆನ್ಸ್ ಬೇಕಾಗುವುದು ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ. ನಿಮ್ಮ ಊರು ಅದರಲ್ಲಿ ಇದೆಯಾ ಅಂತ ಪೊಲೀಸ್ ಠಾಣೆಯಲ್ಲಿ ಕೇಳಿ ತಿಳಿದುಕೊಳ್ಳಿ.

ಮನೆಯಲ್ಲಿ ಇಡುವುದು ಬೇರೆ, ಬೀದಿಯಲ್ಲಿ ಝಳಪಿಸುವುದು ಬೇರೆ. ಕತ್ತಿ ಹಿಡಿದು ವಿಡಿಯೋ ಮಾಡಿ ಹಾಕಿದವರ ಮನೆಗೆ ಪೊಲೀಸರು ಬಂದ ಸುದ್ದಿಗಳನ್ನು ನೀವೂ ಓದಿರುತ್ತೀರಿ.

ಅಜ್ಜನ ಕತ್ತಿ ತುಕ್ಕು ಹಿಡಿದಿದೆ, ಗ್ರೈಂಡರ್ ಹಾಕಿಸಿ ಪಳಪಳ ಮಾಡಿಸಲಾ?

ದಯವಿಟ್ಟು ಬೇಡ. ಗ್ರೈಂಡರ್ ತುಕ್ಕಿನ ಜೊತೆ ಕಬ್ಬಿಣವನ್ನೂ ತಿನ್ನುತ್ತದೆ. ಸುತ್ತಿಗೆಯ ಗುರುತು, ಅಂಚಿನ ಗೆರೆ, ಏನಾದರೂ ಅಕ್ಷರ ಇದ್ದರೆ ಅದು, ಎಲ್ಲ ಹೋಗುತ್ತದೆ. ಜೊತೆಗೆ ಅಲಗು ಬಿಸಿಯಾದರೆ ಅದರ ಗಡಸುತನವೂ ಹೋಗುತ್ತದೆ.

ಮೇಲಿನ ಪುಡಿ ತುಕ್ಕನ್ನು ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು, ಒರಟು ಬಟ್ಟೆಯಿಂದ ನಿಧಾನವಾಗಿ ಉಜ್ಜಿ. ಗಟ್ಟಿ ತುಕ್ಕಿಗೆ ತೀರಾ ನಯವಾದ ಉಕ್ಕಿನ ನಾರು ಸಾಕು, ಅದೂ ಎಣ್ಣೆಯ ಜೊತೆ. ಕಪ್ಪು ಕಲೆ ಉಳಿದರೆ ಉಳಿಯಲಿ, ಅದು ಮುಂದೆ ಹಬ್ಬುವುದಿಲ್ಲ. ಕೆಂಪು ತುಕ್ಕೇ ಶತ್ರು. ಆಮೇಲೆ ತೆಳುವಾಗಿ ಹೊಲಿಗೆಯಂತ್ರದ ಎಣ್ಣೆ ಸವರಿ ಇಡಿ. ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ಇದೆ, ಆದರೆ ಅದು ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ತೊಡಂಗನ್ನು ಹುಣಸೆಹಣ್ಣಿನಲ್ಲಿ ಉಜ್ಜುವುದಾದರೆ ಕತ್ತಿಯಿಂದ ದೂರ ಉಜ್ಜಿ, ಚೆನ್ನಾಗಿ ತೊಳೆದು ಒಣಗಿಸಿ. ಪೀಚೆಕತ್ತಿಯನ್ನು ವರ್ಷವಿಡೀ ಒರೆಯೊಳಗೇ ಇಡಬೇಡಿ, ಒಳಗಿನ ಮರ ತೇವ ಹೀರಿ ಅಲಗನ್ನು ತಿನ್ನುತ್ತದೆ.

ಹಳೇದಾ ಹೊಸದಾ ಹೇಗೆ ಗೊತ್ತಾಗುತ್ತೆ?

ಅಲಗು ಸ್ಟೇನ್‌ಲೆಸ್ ಆಗಿದ್ದರೆ ಅಥವಾ ಪಾಲಿಶ್ ಲೇಪ ಇದ್ದರೆ ಹೊಸದು, ಮಾತೇ ಬೇಡ. ಹಳೆಯದರಲ್ಲಿ ಅಲಗಿನ ಎರಡು ಮೈಯೂ ಒಂದೇ ಸಮ ಇರುವುದಿಲ್ಲ. ಸವೆತ ಸರಿಯಾದ ಜಾಗದಲ್ಲಿ ಇದೆಯಾ ನೋಡಿ: ಹಿಡಿಯಲ್ಲಿ ಬೆರಳು ಕೂರುವ ಕಡೆ, ಅಲಗು ತೊಡಂಗಿಗೆ ಉಜ್ಜುವ ಕಡೆ, ಪದೇ ಪದೇ ಮಸೆದು ಬಾಯಿ ಒಳಕ್ಕೆ ಸರಿದಿರುವ ಕಡೆ. ಆಸಿಡ್ ಹಾಕಿ ಹಳೆಯದು ಮಾಡಿದ್ದರಲ್ಲಿ ಸವೆತ ಎಲ್ಲ ಕಡೆ ಒಂದೇ ರೀತಿ ಇರುತ್ತದೆ. ಮನೆಯ ಹಿರಿಯರು ಹೇಳುವ ಕಾಲದಲ್ಲಿ ಅರ್ಧ ಕಳೆದು ನಂಬಿ. ಎಲ್ಲರ ಮನೆಯ ಕತ್ತಿಯೂ ಟಿಪ್ಪು ಕಾಲದ್ದೇ ಆಗಿರುತ್ತದೆ!

ವಿದೇಶದ ಹರಾಜಿನಲ್ಲಿ ಇದನ್ನೇ 'ಮಾಪಿಳ್ಳೆ ಖಡ್ಗ', 'ಟೆಂಪಲ್ ಸೋರ್ಡ್' ಅಂತೆಲ್ಲ ಹಾಕಿರ್ತಾರೆ, ಯಾವುದು ಸರಿ?

ಹಳೆಯ ಇಂಗ್ಲಿಷ್ ಸಂಗ್ರಾಹಕರು ಅಂದಾಜಿಗೆ ಕೊಟ್ಟ ಹೆಸರುಗಳು ಹಾಗೇ ಓಡುತ್ತಿವೆ. ಒಡಿಕತ್ತಿ ಮತ್ತು ಮಲಬಾರಿನ ಆಯುಧಕತ್ತಿ ಅಲಗು ನೋಡಿ ಬೇರೆ ಮಾಡುವುದು ಕಷ್ಟ. ಜೊತೆಯಲ್ಲಿ ತೊಡಂಗ್ ಇದೆಯಾ, ಎಲ್ಲಿಂದ ಹೋಯಿತು ಅನ್ನುವ ದಾಖಲೆ ಇದೆಯಾ, ಇವೇ ಆಧಾರ. ಮಾಪಿಳ್ಳೆ ಖಡ್ಗ ಅಂತ ತೋರಿಸುವ ಎರಡೂ ಕಡೆ ಚೂಪಿನ ಅಗಲದ ಅಲಗು ಬೇರೆಯೇ ವಸ್ತು. 'ಟೆಂಪಲ್' ಅಂತ ಸೇರಿಸಿದರೆ ಬೆಲೆ ಏರುತ್ತದೆ, ಅಷ್ಟೇ.

ನಮ್ಮ ಮನೇಲಿ ದಂತದ ಹಿಡಿಯ ಪೀಚೆಕತ್ತಿ ಇದೆ, ಮಾರಬಹುದಾ?

ಇಲ್ಲ. ಆನೆದಂತದ ವ್ಯಾಪಾರ ವನ್ಯಜೀವಿ ಕಾಯ್ದೆಯಡಿ ನಿಷಿದ್ಧ, ಎಷ್ಟು ಹಳೆಯದಾದರೂ ಸರಿ. ಮನೆಯಲ್ಲಿ ಇಟ್ಟುಕೊಂಡವರು ಅರಣ್ಯ ಇಲಾಖೆಯ ಮಾಲೀಕತ್ವ ಪತ್ರ ಇದೆಯಾ ಅಂತ ಹಳೆ ಕಾಗದಗಳಲ್ಲಿ ಹುಡುಕಿ ಇಟ್ಟುಕೊಳ್ಳಿ. 'ನಿಮ್ಮದು ಪುರಾತನ, ಪರವಾಗಿಲ್ಲ' ಅನ್ನುವ ದಲ್ಲಾಳಿಯನ್ನು ನಂಬಬೇಡಿ, ಸಿಕ್ಕಿಬೀಳುವವರು ನೀವು. ದಂತ ಇಲ್ಲದ ಕತ್ತಿಯಾದರೂ ನೂರು ವರ್ಷ ದಾಟಿದ್ದರೆ ಪುರಾತನ ವಸ್ತು, ಅದರ ವ್ಯಾಪಾರ ಮಾಡಲು ಲೈಸೆನ್ಸ್ ಇರಬೇಕು.

ಲಂಡನ್ನಿನಲ್ಲಿ ಮಗನ ಮದುವೆ. ತಾತನ ಒಡಿಕತ್ತಿ ತಗೊಂಡು ಹೋಗಬಹುದಾ?

ತಾತನದ್ದು ನೂರು ವರ್ಷ ದಾಟಿದ್ದರೆ ಸುಮ್ಮನೆ ಇಲ್ಲೇ ಬಿಟ್ಟು ಹೋಗಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ನಿಮ್ಮದು ಅಷ್ಟು ಹಳೆಯದಲ್ಲ ಅನ್ನುವುದಾದರೂ ವಿಮಾನ ನಿಲ್ದಾಣದಲ್ಲಿ ಅದನ್ನು ಸಾಬೀತು ಮಾಡುವುದು ನಿಮ್ಮ ತಲೆಗೇ ಬರುತ್ತದೆ. ಪುರಾತತ್ವ ಇಲಾಖೆಯಿಂದ 'ಇದು ಪುರಾತನ ವಸ್ತುವಲ್ಲ' ಅನ್ನುವ ಪತ್ರ ಮೊದಲೇ ಮಾಡಿಸಿಕೊಳ್ಳುವುದು ಒಳ್ಳೆಯದು.

ಇಳಿಯುವ ಕಡೆಯ ಕಾನೂನೂ ನೋಡಿ. ಬ್ರಿಟನ್ನಿನಲ್ಲಿ 50 ಸೆಂಟಿಮೀಟರ್ ಮತ್ತು ಅದಕ್ಕಿಂತ ಉದ್ದದ ಬಾಗಿದ ಅಲಗಿನ ಕತ್ತಿ ತರುವುದಕ್ಕೆ 2008ರಿಂದ ನಿರ್ಬಂಧ ಇದೆ. ಹಳೆ ಪದ್ಧತಿಯಲ್ಲಿ ಕೈಯಿಂದ ಮಾಡಿದ್ದಕ್ಕೆ ಸ್ವಲ್ಪ ರಿಯಾಯಿತಿ ಇದ್ದರೂ, ಅದನ್ನು ಕಸ್ಟಮ್ಸ್ ಅಧಿಕಾರಿಗೆ ವಿವರಿಸುತ್ತಾ ಮುಹೂರ್ತ ಮೀರಿಸಿಕೊಳ್ಳುವುದು ಯಾಕೆ? ಹೆಚ್ಚಿನ ಒಡಿಕತ್ತಿಗಳ ಅಲಗು 50 ಸೆಂಟಿಮೀಟರಿಗಿಂತ ಕಡಿಮೆಯೇ ಇರುತ್ತದೆ, ಆದರೂ ಹೊರಡುವ ಮೊದಲು ಹಿಡಿಯ ಬುಡದಿಂದ ತುದಿಗೆ ನೇರ ಗೆರೆಯಲ್ಲಿ ಅಳೆದು ನೋಡಿ. ಹೊಸದಾಗಿ ಮಾಡಿಸಿದ್ದನ್ನು ಒಯ್ಯಿರಿ, ರಸೀದಿ ಜೊತೆಯಲ್ಲಿರಲಿ. ವಿಮಾನದ ಕಂಪನಿಗೆ ಮೊದಲೇ ತಿಳಿಸಿ ಚೆಕ್-ಇನ್ ಲಗೇಜಿನಲ್ಲಿ ಹಾಕಿ, ಪೀಚೆಕತ್ತಿಯನ್ನೂ ಅದರಲ್ಲೇ. ಚೇಲೆಯಲ್ಲಿ ಸಿಕ್ಕಿಸಿಕೊಂಡೇ ಸೆಕ್ಯೂರಿಟಿ ದಾಟಬಹುದಾ ಅಂತಲೂ ಒಬ್ಬರು ಕೇಳಿದ್ದರು. ದಾಟಲಾಗುವುದಿಲ್ಲ.

ಬಾಳೆದಿಂಡು ಅಲ್ಲಿ ಸಿಗುತ್ತದೆಯೇ ಅನ್ನುವುದನ್ನು ಅಲ್ಲಿನ ನೆಂಟರಿಗೆ ಬಿಡಿ.